ಹಿತ್ತಲ ಬಾಗಿಲ ದೇವರು

ದೇವರನ್ನು ಯಾವ ಬುಟ್ಟಿಗೆ ಹಾಕಬೇಕು ಎಂದು ಯಾರೂ ಹೇಳಿರಲಿಲ್ಲ.

ಹಸಿರು ಬುಟ್ಟಿಗೆ ಹಸಿಕಸ, ನೀಲಿ ಬುಟ್ಟಿಗೆ ಒಣಕಸ. ಬಸವಕಲ್ಯಾಣದ ಬೇವಿನಕಟ್ಟೆ ಓಣಿಯಲ್ಲಿ ಸೋನುಬಾಯಿ ಇದನ್ನು ಒಂದೊಂದು ಮನೆಯ ಮುಂದೆಯೂ ನಿಂತು ಹೇಳಿದ್ದಳು. ಗಂಟಲು ಒಣಗುವ ತನಕ ಹೇಳಿದ್ದಳು. ಸಿಪ್ಪೆ ಇದರಲ್ಲಿ, ಹಾಲಿನ ಪಾಕೀಟು ಅದರಲ್ಲಿ, ಮುಟ್ಟಿನ ಬಟ್ಟೆ ಬೇರೆ ಕಾಗದದಲ್ಲಿ ಸುತ್ತಿ ಕೊಡಿ ತಾಯಿ, ಅದನ್ನು ಬಿಡಿಸುವುದು ನಮ್ಮ ಕೈಯೇ ಎಂದು. ಕೆಲವರು ಕೇಳಿದರು. ಕೆಲವರು ಮೂಗಿಗೆ ಸೆರಗು ಹಿಡಿದುಕೊಂಡು ಕೇಳಿದರು. ಕೆಲವರು ಹೂಂ ಹೂಂ ಎಂದು ತಲೆಯಾಡಿಸಿ, ಮರುದಿನ ಎಲ್ಲವನ್ನೂ ಒಂದೇ ಚೀಲದಲ್ಲಿ ಕಟ್ಟಿ ಗಾಡಿಗೆ ಎಸೆದರು. ಅವರ ಹೊಲಸನ್ನೂ ಅವಳೇ ಬೇರೆ ಮಾಡಿದಳು.

ಒಣಕಸದ ಶೆಡ್ಡು ಊರ ಹೊರಗೆ, ಹುಮನಾಬಾದ್ ರಸ್ತೆಯ ಬದಿಗಿತ್ತು. ತಗಡಿನ ಮಾಡು. ಬೇಸಿಗೆಯಲ್ಲಿ ಒಳಗೆ ಕೂತರೆ ತಲೆ ಕುದಿಯುತ್ತದೆ, ಮಳೆಗಾಲದಲ್ಲಿ ಕಾಲ ಬೆರಳ ಸಂದಿಗೆ ಹುಳ ಹತ್ತುತ್ತವೆ. ಕಸದ ಗುತ್ತಿಗೆ ಹಿಡಿದ ಸಂಸ್ಥೆ ಎಂಟು ಹೆಣ್ಣುಮಕ್ಕಳನ್ನು ಅಲ್ಲಿ ಕೂರಿಸಿತ್ತು. ಎಂಟೂ ಜನ ಬೌದ್ಧರ ಕೇರಿಯವರು. ಬೇರೆ ಕೇರಿಯಿಂದ ಯಾರೂ ಈ ಕೆಲಸ ಕೇಳಿಕೊಂಡು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಸಂಸ್ಥೆಯವರೂ ಕೇಳಲಿಲ್ಲ. ಕೇಳುವಂಥದ್ದೇನಿದೆ ಅದರಲ್ಲಿ, ಎಲ್ಲರಿಗೂ ಗೊತ್ತಿದ್ದದ್ದೇ.

ಆದರೂ ಸೋನುಬಾಯಿಗೆ ಆ ಕೆಲಸ ಬೇಕಾಗಿತ್ತು. ತವರು ದುಬಲಗುಂಡಿಯಲ್ಲೂ ಕೂಲಿಯೇ, ಗಂಡನ ಊರಲ್ಲೂ ಕೂಲಿಯೇ. ಮಳೆ ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಶೆಡ್ಡಿನಲ್ಲಿ ವರ್ಷವಿಡೀ ಕೆಲಸ. ಕೊರಳಲ್ಲಿ ನೇತಾಡುವ ಒಂದು ಗುರುತಿನ ಚೀಟಿ, ಅದರಲ್ಲಿ ಅವಳ ಮುಖ, ಅವಳ ಹೆಸರು. ‘ಏ ಕಸದಾಕಿ’ ಎನ್ನುತ್ತಿದ್ದವರು ಚೀಟಿ ಓದಿ ‘ಸೋನುಬಾಯಿ’ ಎನ್ನತೊಡಗಿದರು. ಐವತ್ತರ ಹತ್ತಿರ ಬಂದ ಹೆಣ್ಣಿಗೆ ಅಷ್ಟು ಸಾಕಾಯಿತು. ನಂಬಿಬಿಟ್ಟಳು. ಹುಚ್ಚಿ.

ಈಗ ದೇವರ ವಿಷಯ.

ಮನೆ ಎಂದ ಮೇಲೆ ದೇವರ ಫೋಟೊ ಇರುತ್ತವೆ. ಫೋಟೊ ಒಡೆಯುತ್ತವೆ, ಗೆದ್ದಲು ಹತ್ತುತ್ತವೆ. ಸೋರುವ ಗೋಡೆಗೆ ತೂಗಿದ ಲಕ್ಷ್ಮಿಯ ಮುಖಕ್ಕೆ ಬೂಸಲು ಹಿಡಿಯುತ್ತದೆ. ಮದುವೆಗೆ ಒಬ್ಬನೇ ಗಣಪತಿ ನಾಲ್ಕು ಕಡೆಯಿಂದ ಉಡುಗೊರೆಯಾಗಿ ಬರುತ್ತಾನೆ. ಒಡೆದ ದೇವರು ಮನೆಯಲ್ಲಿರಬಾರದು, ಕಸಕ್ಕೆ ಹಾಕಬಾರದು, ಸುಡಲೂಬಾರದು. ಓಣಿಯ ಮಂದಿ ಇದಕ್ಕೊಂದು ದಾರಿ ಇಟ್ಟುಕೊಂಡಿದ್ದರು. ಯಾರೂ ಇಲ್ಲದ ಹೊತ್ತು ನೋಡಿ ಬೇವಿನಕಟ್ಟೆಗೆ ತಂದು ಒರಗಿಸುವುದು, ಕೈಮುಗಿಯುವುದು, ತಿರುಗಿ ನೋಡದೆ ಹೋಗುವುದು. ಆಮೇಲೆ ಬಿಸಿಲೋ ಮಳೆಯೋ ಆಡೋ, ಅದು ಆ ದೇವರಿಗೇ ಬಿಟ್ಟದ್ದು.

ಆದರೆ ಊರು ಎಷ್ಟು ಸ್ವಚ್ಛವಿದೆ ಎಂದು ನೋಡಲು ತಂಡ ಬರುತ್ತದೆಂದು ಸುದ್ದಿ ಬಂತು. ಕಟ್ಟೆಗೆ ಹೊಸ ಕಲ್ಲು ಹಾಸಿದರು. ‘ಇಲ್ಲಿ ಏನನ್ನೂ ಇಡಬಾರದು’ ಎಂದು ಬೋರ್ಡು ಬರೆಸಿದರು. ಕಂಬಕ್ಕೊಂದು ಕ್ಯಾಮೆರಾ ಕಟ್ಟಿದರು. ದೇವರುಗಳು ಮನೆಯೊಳಗೇ ಉಳಿದವು, ಅಟ್ಟದ ಮೇಲೆ, ಕಪಾಟಿನ ಹಿಂದೆ, ನೀರಿನ ಕೋಣೆಯ ಮೂಲೆಯಲ್ಲಿ.

ದೀಪಾವಳಿಗೆ ಮನೆಗೆ ಸುಣ್ಣ ಹಚ್ಚುವ ಹೊತ್ತಿಗೆ ಕೇಶರಬಾಯಿ ಸೋನುಬಾಯಿಯನ್ನು ಹಿತ್ತಲಿಗೆ ಕರೆದಳು. ಓಣಿಯ ದೊಡ್ಡ ಮನೆ ಅವಳದು, ಗಂಡನಿಗೆ ಬಟ್ಟೆ ಅಂಗಡಿ, ಮಗಳನ್ನು ಹುಮನಾಬಾದಿಗೆ ಕೊಟ್ಟಿದ್ದರು. ಎರಡು ಬುಟ್ಟಿ ಮೊದಲು ಇಟ್ಟವಳು ಅವಳೇ. ಅದಕ್ಕೇ ಸೋನುಬಾಯಿಗೆ ಅವಳ ಮೇಲೆ ಜೀವ.

“ಸೋನು, ನಂದೊಂದು ಕೆಲಸ ಮಾಡ್ತಿಯೇನು?”

“ಹೇಳ್ರಿ ಅಕ್ಕಾ.”

ಕೇಶರಬಾಯಿ ಹೊಸ ಜಂಪರ್ ಬಟ್ಟೆಯಲ್ಲಿ ಸುತ್ತಿದ್ದ ಫೋಟೊ ಹೊರಗೆ ತಂದಳು. ವಿಠ್ಠಲ ರುಕ್ಮಿಣಿ. ಗಾಜು ಅಡ್ಡಕ್ಕೆ ಸೀಳಿತ್ತು. ಹಣೆಗೆ ಹಸಿ ಕುಂಕುಮ ಹಚ್ಚಿತ್ತು.

“ಇದು ನಮ್ಮತ್ತಿ ಇದ್ದಾಗಿಂದು. ಒಡದದ, ಮನ್ಯಾಗ ಇಡಾಕ ಬರಂಗಿಲ್ಲ. ಬುಟ್ಟ್ಯಾಗ ಹಾಕಾಕ ಕೈ ಬರಂಗಿಲ್ಲ. ನೀ ಒಯ್ಯಿ.”

“ನಾ ಒಯ್ದು ಏನ್ ಮಾಡ್ಲಿ ಅಕ್ಕಾ?”

“ಏನರ ಮಾಡು. ನೀವು ಬೌದ್ಧರು, ನಿಮಗ ಪಾಪ ಹತ್ತಂಗಿಲ್ಲ. ಮಂದಿ ಮುಂದ ಮಾತ್ರ ಅನ್ಬ್ಯಾಡ.”

ಆಮೇಲೆ ಚಹಾ ಕೊಟ್ಟಳು. ಹಿತ್ತಲ ಗೋಡೆಯ ಗೂಡಿನಲ್ಲಿ ಸೋನುಬಾಯಿಗೆಂದು ಇಟ್ಟಿದ್ದ ಬೇರೆ ಲೋಟದಲ್ಲಿ ಅಲ್ಲ. ಮನೆಯ ಕಪ್ಪಿನಲ್ಲಿ, ಬಸಿಯ ಸಮೇತ. ಸೋನುಬಾಯಿ ಬಸಿಗೆ ಸುರುವಿಕೊಂಡು ನಿಧಾನ ಕುಡಿದಳು. ಕಪ್ಪು ತೊಳೆಯಲು ಹೋದರೆ ಕೇಶರಬಾಯಿ “ಇಡು ಇಡು, ನಾ ತೊಳೀತೀನಿ” ಎಂದಳು. ಅಂದು ಶೆಡ್ಡಿಗೆ ಹೋಗುವ ದಾರಿಯುದ್ದಕ್ಕೂ ಸೋನುಬಾಯಿಗೆ ಏನೋ ಹಿಗ್ಗು. ಪಾಪ ಹತ್ತುವುದಿಲ್ಲ ಎಂಬ ಮಾತಿನಲ್ಲಿ ಇದ್ದದ್ದೇನು ಎಂದು ಯೋಚಿಸಲಿಲ್ಲ. ಬಸಿಯಲ್ಲಿ ಚಹಾ ಕುಡಿದವಳು ಎಷ್ಟೊತ್ತು ಯೋಚಿಸಿಯಾಳು?

ಮುಂದಿನ ವಾರ ಇನ್ನೊಂದು ಹಿತ್ತಲ ಬಾಗಿಲು ತೆರೆಯಿತು. ಆಮೇಲೆ ಇನ್ನೊಂದು. ಓಣಿಯಲ್ಲಿ ಮುಂಬಾಗಿಲಿಗೆ ಬುಟ್ಟಿ, ಹಿಂಬಾಗಿಲಿಗೆ ದೇವರು. ಪ್ರತಿ ಹೆಂಗಸಿಗೂ ತಾನೊಬ್ಬಳೇ ಕೊಡುತ್ತಿದ್ದೇನೆಂಬ ಭಾವನೆ. ಎಲ್ಲರದೂ ಒಂದೇ ಮಾತು, ಮಂದಿ ಮುಂದೆ ಅನ್ನಬೇಡ. ಸೋನುಬಾಯಿ ಅನ್ನಲಿಲ್ಲ. ಟಿಪ್ಪರ್ ಗಾಡಿ ಓಡಿಸುವ ಗಯಾಸುದ್ದೀನ್ ಮಾತ್ರ ನೋಡುತ್ತಿದ್ದ, ಅವನೂ ಬಾಯಿ ಬಿಡಲಿಲ್ಲ. ಗೋಣಿಚೀಲ ಹಾಸಿ ಅದರ ಮೇಲೆ ಇಟ್ಟುಕೊಂಡು ನಿಧಾನ ಓಡಿಸುತ್ತಿದ್ದ.

ಕದ್ದು ಮಾಡುವ ಕೆಲಸ ಅವಳಿಗೆ ಒಗ್ಗದು. ಸಂಸ್ಥೆಯ ಮೇಲ್ವಿಚಾರಕ ಅಜೀತನನ್ನು ಕೇಳಿದಳು. ಹರೆಯದ ಹುಡುಗ, ಮೊಬೈಲಿನಲ್ಲೇ ಮುಳುಗಿರುವವನು.

“ಸಾಹೇಬ್ರ, ಮಂದಿ ದೇವ್ರ ಫೋಟೊ ಕೊಡಾಕತ್ಯಾರ. ತಗೋಬೇಕೋ ಬ್ಯಾಡೋ?”

“ಒಣಕಸಾನೇ ಅಲ್ಲೇನು? ತಗೋ. ಕಟ್ಟಿಗಿ ಕಟ್ಟಿಗ್ಯಾಗ, ಗಾಜು ಗಾಜಿನ್ಯಾಗ.”

“ಕಾಗದ?”

“ಕಾಗದ ಕಾಗದದಾಗ. ಅದ್ರಾಗೇನದ?”

ಅವನಿಗೆ ಬೇಕಾದದ್ದು ತೂಕ. ಎಲ್ಲ ಓಣಿಗಳಲ್ಲೂ ಒಣಕಸ ಇಳಿಯುತ್ತಿತ್ತು. ರದ್ದಿ, ಕಬ್ಬಿಣ, ಬಾಟಲಿಯನ್ನು ಮನೆಯವರೇ ಗುಜರಿಗೆ ಮಾರಿಕೊಂಡು, ಗಾಡಿಗೆ ಬರೀ ಕುರುಕುರೆ ಪಾಕೀಟು ಹಾಕುತ್ತಿದ್ದರು. ಬೇವಿನಕಟ್ಟೆ ಓಣಿಯೊಂದೇ ಏರುತ್ತಿತ್ತು. ಅಜೀತ ಮೊಬೈಲಿನಲ್ಲಿ ಒಂದು ಹಸಿರು ಗೆರೆ ತೋರಿಸಿದ, ಮೇಲೆ ಮೇಲೆ ಹೋಗುತ್ತಿದ್ದ ಗೆರೆ. ಅದನ್ನು ಮೇಲೆತ್ತಿದ್ದು ಓಣಿಯವರು ಹೊರಹಾಕಿದ ದೇವರುಗಳು. ಅಜೀತನಿಗೆ ಬೀದರಿನಲ್ಲಿ ಶಾಲು ಹೊದಿಸಿದರು.

ಶೆಡ್ಡಿನಲ್ಲಿ ಸೋನುಬಾಯಿ ಮೊಳೆ ಕಿತ್ತಳು. ಚೌಕಟ್ಟು ಬಿಚ್ಚಿದಳು. ಹಸಿ ಹಿಡಿದ ಕಾಗದ ಗಾಜಿಗೆ ಅಂಟಿಕೊಂಡಿರುತ್ತದೆ, ಎಳೆದರೆ ಮುಖ ಹರಿಯುತ್ತದೆ. ನೀರು ಚಿಮುಕಿಸಿ, ಉಗುರಿನಿಂದ ಅಂಚು ಎಬ್ಬಿಸಿ ಬಿಡಿಸಿದಳು. ಬೆರಳು ಕೊಯ್ದುಕೊಂಡಳು. ಕಾಗದವನ್ನು ರದ್ದಿಗೆ ಹಾಕಲು ಮನಸ್ಸು ಬರಲಿಲ್ಲ. ಅವಳ ದೇವರಲ್ಲ ಅವು. ಆದರೆ ಅವಳ ಮನೆಯ ಗೋಡೆಯ ಮೇಲೂ ಬುದ್ಧನಿದ್ದಾನೆ, ಬಾಬಾಸಾಹೇಬರಿದ್ದಾರೆ. ಆ ಫೋಟೊಗಳಿಗೆ ಯಾರಾದರೂ ಕೈ ಹಚ್ಚಿದರೆ ಹೊಟ್ಟೆಯೊಳಗೆ ಏನಾಗುತ್ತದೆಂದು ಅವಳಿಗೆ ಗೊತ್ತು. ಕಾಗದಗಳನ್ನೆಲ್ಲ ತನ್ನದೊಂದು ಒಗೆದ ಸೀರೆಯಲ್ಲಿ ಕಟ್ಟಿ ಎತ್ತರದ ಹಲಗೆಯ ಮೇಲೆ ಇಟ್ಟಳು. ಕೇಶರಬಾಯಿಯ ವಿಠ್ಠಲ ರುಕ್ಮಿಣಿಯನ್ನು ಮಾತ್ರ ಬಿಚ್ಚದೆ, ಜಂಪರ್ ಬಟ್ಟೆಯ ಸಮೇತ ಹಾಗೇ ಇಟ್ಟುಕೊಂಡಳು.

ಡಿಸೆಂಬರಿನಲ್ಲಿ ಕಲ್ಲಿನಾಥ ಶೆಡ್ಡಿಗೆ ಬಂದ. ಓಣಿಯ ಯುವಕ ಸಂಘದ ಮುಂದಾಳು. ಅವನ ತಾಯಿಯ ಮೂಗುತಿ ಕಸ ಗುಡಿಸುವಾಗ ಹೋಗಿಬಿಟ್ಟಿತ್ತು.

“ಜರಾ ನೋಡ್ರಿ ಬಾಯಿ. ಅವ್ವ ಅಳಾಕತ್ಯಾಳ.”

ಸೋನುಬಾಯಿ ಓಣಿಯ ಚೀಲಗಳನ್ನೆಲ್ಲ ಸುರುವಿದಳು. ಅದರೊಳಗೇ ಕೂತಳು. ಕೂದಲು, ಧೂಳು, ಮಗುವಿನ ಹೇಲು, ಹುಳಿಹೊಡೆದ ಅನ್ನ. ಬರಿಗೈಯಿಂದ ಹಿಂಡಿ ಹಿಂಡಿ ನೋಡಿದಳು. ಬೆನ್ನು ಬಿಗಿದುಕೊಂಡಿತು. ಅವನು ಕರವಸ್ತ್ರ ಮೂಗಿಗೆ ಕಟ್ಟಿಕೊಂಡು ಶೆಡ್ಡಿನಲ್ಲಿ ಅಡ್ಡಾಡುತ್ತಿದ್ದ. ಮೂಗುತಿ ಸಿಕ್ಕಿತು. ತೊಳೆದು, ಸೆರಗಿನಿಂದ ಒರೆಸಿ ಕೊಟ್ಟಳು. “ಅವ್ವಗ ಅಳಬ್ಯಾಡ ಅನ್ನು ತಮ್ಮಾ” ಎಂದಳು. ಅವನು ಮೂಗುತಿ ಕಿಸೆಗೆ ಹಾಕಿಕೊಂಡು, ಮೊಬೈಲನ್ನೂ ಕಿಸೆಗೆ ಹಾಕಿಕೊಂಡು ಹೋದ.

ಸಂಜೆಯೊಳಗೆ ಆ ಮೊಬೈಲಿನೊಳಗಿನದು ಊರೆಲ್ಲ ಹರಿದಾಡಿತು. ಮುರಿದ ಚೌಕಟ್ಟುಗಳ ಗುಡ್ಡೆ. ಬಿಡಿಸದೆ ಬಿದ್ದಿದ್ದ ಒಂದು ಲಕ್ಷ್ಮಿಯ ಫೋಟೊ, ಪಕ್ಕದಲ್ಲಿ ಹಳೆ ಚಪ್ಪಲಿಯ ಚೀಲ. ಹಿಂದೆ ಕಸದಲ್ಲಿ ಕೂತ ಸೋನುಬಾಯಿಯ ಬೆನ್ನು. ಅವನ ತಾಯಿಯ ಮೂಗುತಿ ಹುಡುಕುತ್ತಿದ್ದ ಬೆನ್ನು ಅದು. ಕೆಳಗೆ ಬರೆದಿತ್ತು: ‘ನಮ್ಮ ದೇವರಿಗೆ ಇವರು ಮಾಡುತ್ತಿರುವುದನ್ನು ನೋಡಿ.’ ಎತ್ತರದ ಹಲಗೆಯ ಮೇಲಿನ ಗಂಟು ಅದರಲ್ಲಿ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಕಟ್ಟೆಯ ಮುಂದೆ ಕೂಡಿದರು. ಸೋನುಬಾಯಿಯನ್ನು ಕರೆಸಿದರು. ನಡುವೆ ನಿಲ್ಲಿಸಿದರು. ಗಂಡಸರು ಕುರ್ಚಿಯಲ್ಲಿ, ಹೆಂಗಸರು ತಮ್ಮ ತಮ್ಮ ಮನೆಯ ಕಟ್ಟೆಯ ಮೇಲೆ. ಎಲ್ಲ ಹಿತ್ತಲ ಬಾಗಿಲವರೂ ಅಂದು ಮುಂಬಾಗಿಲಿನಲ್ಲಿದ್ದರು.

“ಯಾರನ್ನ ಕೇಳಿ ಇವನ್ನ ಒಯ್ದಿ?” ಎಂದ ಕಲ್ಲಿನಾಥ. ಮೂಗುತಿ ಸಿಗುವ ತನಕ ಇದ್ದ ‘ರೀ’ ಒಂದೇ ದಿನದಲ್ಲಿ ಉದುರಿಹೋಗಿತ್ತು.

“ಸಾಹೇಬ್ರಿಗಿ ಕೇಳೀನ್ರಿ. ತಗೋ ಅಂದಾರ.”

ಎಲ್ಲರೂ ಅಜೀತನ ಕಡೆ ನೋಡಿದರು. ಅಜೀತ ತನ್ನ ಬೂಟು ನೋಡಿಕೊಂಡ. “ಒಣಕಸ ತಗೋ ಅಂದೀನಿ. ದೇವ್ರನ್ನ ತಗೋ ಅಂತ ಯಾರರ ಅಂತಾರೇನ್ರಿ? ಆಕಿಗಿ ತಿಳೀಬೇಕಾಗಿತ್ತು.”

ಸೋನುಬಾಯಿಗೆ ಅದು ಅಷ್ಟೇನೂ ನಾಟಲಿಲ್ಲ. ಸಾಹೇಬರೆಂದರೆ ಹಾಗೇ. ಅವಳು ಕೇಶರಬಾಯಿಯ ಕಡೆ ತಿರುಗಿದಳು. ಜೀವ ಕಣ್ಣಿಗೆ ಬಂದಿತ್ತು. ಅಕ್ಕ ಒಂದು ಮಾತು ಅಂದರೆ ಸಾಕು, ನಾನೇ ಕೊಟ್ಟೆ ಅಂದರೆ ಸಾಕು. ದೊಡ್ಡ ಮನೆಯವಳು, ಅವಳನ್ನು ಯಾರೂ ಏನೂ ಅನ್ನುವುದಿಲ್ಲ.

“ಅಕ್ಕಾ, ನೀವರ ಹೇಳ್ರಿ.”

ಕೇಶರಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಗಂಡನ ಕಡೆ ನೋಡಿದಳು. ಆಮೇಲೆ, ಸೋನುಬಾಯಿಯನ್ನು ನೋಡದೆ, ಎದುರು ಮನೆಯ ಗೋಡೆಗೆ ಹೇಳುವಂತೆ ಹೇಳಿದಳು.

“ನಾನೇನ್ ಹೇಳ್ಲಿ? ನಮ್ಮ ಮನಿಯಿಂದ ಏನೂ ಹೋಗಿಲ್ಲ. ಮೊದಲ ಬೇವಿನ ಕಟ್ಟಿ ಮ್ಯಾಲ ಇಡ್ತಿದ್ರಲ್ಲ, ಅವನ್ನ ಆಕಿನೇ ಎತ್ಗೊಂಡು ಹೋಗಿರಬೇಕು. ಹಿತ್ತಲಾಗ ಚಾ ಕುಡೀಲಾಕ ಬರ್ತಿದ್ಳು. ಬ್ಯಾಡ ಅನ್ನಾಕ ಆಗ್ತದೇನು?”

ಆ ಮಾತು ಸೋನುಬಾಯಿಯ ಎದೆಗೆ ಬಡಿಯಿತು. ಕಳ್ಳತನದ ಮಾತಲ್ಲ, ಅದನ್ನು ಬಡವರು ಹುಟ್ಟಿದಾಗಿನಿಂದ ಕೇಳುತ್ತಾರೆ. ಚಹಾದ ಮಾತು. ಕರೆದು ಕೊಟ್ಟ ಚಹಾ ಬೇಡಿ ಕುಡಿದ ಚಹಾ ಆಯಿತು.  ಇಷ್ಟು ದಿನ ಆ ಒಂದು ಕಪ್ಪಿನ ಮೇಲೆ ಏನೆಲ್ಲ ಕಟ್ಟಿಕೊಂಡಿದ್ದಳು ಎಂದು ನೆನೆದು ತನ್ನ ಮೇಲೆಯೇ ಹೇಸಿಗೆಯಾಯಿತು.

ತೀರ್ಮಾನ ಆಯಿತು. ಪೊಲೀಸು ಬೇಡ, ಊರಿನ ಇಜ್ಜತ್ತಿನ ಪ್ರಶ್ನೆ, ತಂಡ ಬರುವುದಿದೆ. ಭಾನುವಾರ ಸೋನುಬಾಯಿ ಉಳಿದ ಫೋಟೊಗಳನ್ನೆಲ್ಲ ತರಬೇಕು. ಕಟ್ಟೆ ತೊಳೆಯಬೇಕು. ಕಟ್ಟೆಗೆ ಮೂಗು ತಿಕ್ಕಿ ಓಣಿಯ ಮಾಫಿ ಕೇಳಬೇಕು. ಕಲ್ಲಿನಾಥ ಅದನ್ನು ಮೊಬೈಲಿನಲ್ಲಿ ಹಿಡಿಯುತ್ತಾನೆ. ಆಗ ಅವಳ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಅವಳದೂ ಹೋಗುತ್ತದೆ, ಶೆಡ್ಡಿನ ಉಳಿದ ಏಳೂ ಹೆಣ್ಣುಮಕ್ಕಳದೂ ಹೋಗುತ್ತದೆ.

ಶೆಡ್ಡಿನ ಗುಂಪಿಗೆ ಹಿರೇತನ ಮಾಡುತ್ತಿದ್ದವಳು ಸುಜಾತಾ, ಸೋನುಬಾಯಿಯ ಪಕ್ಕದ ಮನೆಯವಳು. ಅವಳು ಬಂದು ಕೈ ಹಿಡಿದುಕೊಂಡಳು.

“ವೈನಿ, ಒಂದು ಗಳಿಗಿ ಕೆಲಸ. ಮೂಗು ಏನ್ ಸವದು ಹೋಗ್ತದ? ನಮ್ಮ ಮಕ್ಕಳ ಮಾರಿ ನೋಡು.”

“ನಾ ಏನ್ ತಪ್ಪು ಮಾಡೀನಿ ಸುಜಾತಾ?”

“ತಪ್ಪು ಮಾಡೀಯಂತ ನಾ ಅಂದ್ನೇನು? ಮಾಫಿ ಕೇಳು ಅಂದೆ. ನಮ್ಮಂಥವ್ರಿಗಿ ಅವೆರಡೂ ಬ್ಯಾರೆ ಬ್ಯಾರೆ.”

ಗಯಾಸುದ್ದೀನ್ ಗಾಡಿಯ ಹಿಂದೆ ನಿಂತು ಕಣ್ಣು ಒರೆಸಿಕೊಂಡ. “ಬೆಹನ್, ನಾ ನೋಡೀನಿ, ಖರೆ. ಆದರ ನನ್ನ ಹೆಸರಿನವ ಬಾಯಿ ತಗದ್ರ ಮಾತು ಎಲ್ಲಿಗಿ ಹೋಗ್ತದ, ನಿನಗ ಗೊತ್ತದಲ್ಲ.” ಗೊತ್ತಿತ್ತು. ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ.

ಭಾನುವಾರ ಬಂತು. ಸೋನುಬಾಯಿ ಮೂಗು ತಿಕ್ಕುವುದೆಂದೇ ಮನಸ್ಸು ಮಾಡಿ ಎದ್ದಳು. ಅದನ್ನು ಮುಚ್ಚಿಡುವುದೇಕೆ, ಹಸಿವೆಗೆ ಅಂಥ ಶಕ್ತಿ ಇದೆ. ತಳ್ಳುಗಾಡಿಯಲ್ಲಿ ಬಿಡಿಸದೆ ಉಳಿದ ಫೋಟೊಗಳನ್ನು ನಿಲ್ಲಿಸಿದಳು, ಕಾಗದದ ಗಂಟು ಇಟ್ಟಳು. ಶೆಡ್ಡಿನಿಂದ ಓಣಿಯ ತನಕ ಒಬ್ಬಳೇ ತಳ್ಳಿಕೊಂಡು ಬಂದಳು. ಏರಿನಲ್ಲಿ ಗಾಲಿಗೆ ಕಲ್ಲು ಕೊಟ್ಟು ಕೊಟ್ಟು ತಳ್ಳಿದಳು. ಯಾರೂ ಕೈ ಹಚ್ಚಲಿಲ್ಲ. ಕೊಡ ಕೊಡ ನೀರು ಹೊತ್ತು ಕಟ್ಟೆ ತೊಳೆದಳು. ಬೇವಿನ ಎಲೆ ಗುಡಿಸಿ ತೆಗೆದಳು. ಸಂದಿನಲ್ಲಿದ್ದ ನಾಯಿಯ ಹೊಲಸನ್ನು ಉಗುರಿನಿಂದ ಕೆರೆದಳು. ಓಣಿ ನಿಂತು ನೋಡಿತು. ಕಲ್ಲಿನಾಥ ಮೊಬೈಲು ಎತ್ತಿ ಹಿಡಿದ.

“ಹೂಂ, ಬಗ್ಗು.”

ಸೋನುಬಾಯಿ ಮೊಣಕಾಲೂರಿದಳು. ತಲೆ ಬಗ್ಗಿಸಿದಳು. ಒದ್ದೆ ಕಲ್ಲು ಮೂಗಿನಿಂದ ಒಂದು ಗೇಣು ದೂರವಿತ್ತು.

“ಜರಾ ಈ ಕಡಿ ಹೊಳ್ಳು” ಎಂದ ಕಲ್ಲಿನಾಥ. “ಮಾರಿ ಕಾಣವಲ್ದು.”

ಆ ಮಾತಿಗೇ ಅವಳು ಎದ್ದಳು. ಏನಾಯಿತೆಂದು ಅವಳಿಗೂ ತಿಳಿಯಲಿಲ್ಲ. ಮೊಣಕಾಲಿನಿಂದ ನೀರು ಇಳಿಯುತ್ತಿತ್ತು. ಗಾಡಿಯ ಹತ್ತಿರ ಹೋಗಿ ನಿಂತಳು.

“ಮಾಫಿ ಕೇಳ್ತೀನಿ,” ಎಂದಳು.  “ಕಟ್ಟಿಗಿ ಯಾಕ ಕೇಳ್ಲಿ? ಕಟ್ಟಿ ನನಗೇನೂ ಕೊಟ್ಟಿಲ್ಲ. ಈ ದೇವ್ರು ಯಾರ ಮನೀವ ಅವ, ಅವರು ಬರ್ರಿ. ತಮ್ಮ ತಮ್ಮ ದೇವ್ರನ್ನ ತಗೊಂಡು ಮನಿಗಿ ಒಯ್ಯಿರಿ. ಒಯ್ಯೋರ ಕಾಲಿಗಿ ನಾ ಬೀಳ್ತೀನಿ. ಮೂಗು ಅಷ್ಟೇ ಅಲ್ಲ, ಮೈಯೆಲ್ಲ ತಿಕ್ತೀನಿ.”

ಯಾರೂ ಅಲುಗಲಿಲ್ಲ.

ಒಯ್ದರೆ ಕೊಟ್ಟದ್ದು ನಾನೇ ಎಂದಂತೆ. ಗಂಡಂದಿರು ಹೆಂಡತಿಯರನ್ನು ನೋಡಿದರು, ಹೆಂಡತಿಯರು ನೆಲ ನೋಡಿದರು. ಸೋನುಬಾಯಿ ಒಂದೊಂದೇ ಫೋಟೊ ಎತ್ತಿ ತೋರಿಸಿದಳು. ಲಕ್ಷ್ಮಿ. ಯಾರೂ ಬರಲಿಲ್ಲ. ಗಣಪತಿ. ಯಾರೂ ಬರಲಿಲ್ಲ. ಜಂಪರ್ ಬಟ್ಟೆಯಲ್ಲಿ ಸುತ್ತಿದ ವಿಠ್ಠಲ ರುಕ್ಮಿಣಿಯನ್ನು ಎರಡೂ ಕೈಯಲ್ಲಿ ಹಿಡಿದು ಕೇಶರಬಾಯಿಯ ಮನೆಯ ಮುಂದೆಯೇ ನಿಂತಳು. ಹೆಸರು ಹೇಳಲಿಲ್ಲ. ಕೊಟ್ಟ ಮಾತು ಅಂದಿಗೂ ಮುರಿಯಲಿಲ್ಲ. ಕೇಶರಬಾಯಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

“ತಮ್ಮಾ, ನೀನರ ಒಯ್ಯಿ,” ಎಂದು ಕಲ್ಲಿನಾಥನಿಗೆ ಲಕ್ಷ್ಮಿಯನ್ನು ಚಾಚಿದಳು. “ನಿನ್ನ ದೇವ್ರಲ್ಲೇನು?”

ಕಲ್ಲಿನಾಥ ತನ್ನ ಮನೆಯ ಬಾಗಿಲ ಕಡೆ ನೋಡಿದ. ಅವನ ತಾಯಿ ತಲೆ ಅಲ್ಲಾಡಿಸಿದಳು, ಬೇಡ ಬೇಡ ಎಂದು. ಅವನ ಮೊಬೈಲು ಕೆಳಗೆ ಇಳಿಯಿತು.

ಸೋನುಬಾಯಿ ಫೋಟೊವನ್ನು ಗಾಡಿಯ ಮೇಲಿಟ್ಟಳು. ಕೊರಳಿನ ಗುರುತಿನ ಚೀಟಿ ತೆಗೆದು ಅಜೀತನ ಕೈಗೆ ಕೊಟ್ಟಳು. ಗಾಡಿಯನ್ನು ಓಣಿಯ ನಡುವೆಯೇ ಬಿಟ್ಟು ನಡೆದಳು.

ಮರುದಿನವೇ ಶೆಡ್ಡಿಗೆ ಬೀಗ ಬಿತ್ತು. ಸುಜಾತಾ ಅವಳೊಂದಿಗೆ ಮಾತು ಬಿಟ್ಟಳು. ಕೇರಿಯ ಇತರ ಹೆಂಗಸರು ನೀರಿನ ನಳದ ಹತ್ತಿರ ಅವಳನ್ನು ಕಂಡರೆ ಮಾರಿ ತಿರುಗಿಸಿದರು. ಅವರ ಸಿಟ್ಟು ನ್ಯಾಯವಾದದ್ದೇ, ಅವರ ಒಲೆಗಳೂ ಆರಿದ್ದವು. ಸೋನುಬಾಯಿ ಚೀಲ ಹಿಡಿದು ದುಬಲಗುಂಡಿಗೆ ಹೋದಳು. ತೊಗರಿ ಕೊಯ್ಲು ನಡೆದಿತ್ತು.

ತಂಡ ಬರುವ ಹಿಂದಿನ ದಿನ ಹೊಲದಲ್ಲಿದ್ದಾಗ ಫೋನು ಬಂತು. ಅಜೀತ.

“ಸೋನುಬಾಯಿ, ಆ ಗಾಡಿ ಅಲ್ಲೇ ಅದ. ಓಣ್ಯಾಗ ಒಬ್ಬರೂ ಮುಟ್ಟವಲ್ರು. ಗುಡಿಸೋ ಮಂದಿನೂ ಒಲ್ಲೆ ಅಂತಾರ. ಸುಜಾತಾಗ ಶೆಡ್ಡು ತಗೀತೀನಿ, ಗಾಡಿ ಸರಸು ಅಂದೆ. ಆಕಿನೂ ಒಲ್ಲೆ ಅಂದಳು. ನಾಳಿ ತಂಡ ಬರ್ತದ. ನೀನೇ ಬಂದು ಒಯ್ಯಬೇಕು. ಆಗಿದ್ದು ಆತು, ಚೀಟಿ ವಾಪಸ್ ಕೊಡ್ತೀನಿ.”

ಸುಜಾತಾ ಒಲ್ಲೆ ಎಂದದ್ದು ಕೇಳಿ ಸೋನುಬಾಯಿ ಕೊಯ್ಯುವುದನ್ನು ನಿಲ್ಲಿಸಿದಳು. ಕುಡುಗೋಲು ಕೆಳಗಿಟ್ಟಳು.

“ಸಾಹೇಬ್ರ, ಅದು ಕಸ ಏನ್ರಿ?”

ಆ ಕಡೆ ಅಜೀತ ಯಾರನ್ನೋ ಹತ್ತಿರ ಕರೆದದ್ದು ಕೇಳಿಸಿತು.

“ಕಸ ಇದ್ರ ಹೇಳ್ರಿ, ಈಗ ಬಸ್ ಹತ್ತಿ ಬರ್ತೀನಿ. ನನ್ನ ಕಿವ್ಯಾಗ ಬ್ಯಾಡ, ಓಣಿಯವ್ರು ಎಲ್ಲಾರಿಗಿ ಕೇಳೋ ಹಂಗ ಅನ್ಲಿ. ಇದು ನಾವು ಬಿಸಾಡಿದ್ದು, ನಾವೇ ಆಕಿ ಕೈಯಾಗ ಕೊಟ್ಟೀವಿ ಅಂತ. ನಾ ಕೇಳ್ತೀನಿ.”

ಫೋನಿನಲ್ಲಿ ಗುಸುಗುಸು ಕೇಳಿಸಿತು. ಯಾರೋ ಅಜೀತನ ಕೈಯಿಂದ ಫೋನು ತೆಗೆದುಕೊಂಡರು.

“ಸೋನು,” ಎಂದಿತು ಕೇಶರಬಾಯಿಯ ದನಿ. ಮೆತ್ತಗಿತ್ತು, ಹಿತ್ತಲಲ್ಲಿ ಮಾತಾಡುವಾಗ ಇರುತ್ತಿದ್ದಂತೆಯೇ. “ಹಟ ಮಾಡಬ್ಯಾಡ ತಂಗೀ. ಬಾ. ನಿನ್ನ ಬಿಟ್ರ ನಮಗ್ಯಾರಿದ್ದಾರ?”

ಒಂದು ಗಳಿಗೆ ಸೋನುಬಾಯಿಯ ಜೀವ ಕರಗಿತು. ಅದಕ್ಕೆ ನಾಚಿಕೆಯೂ ಆಯಿತು. ಸುತ್ತ ಕೊಯ್ಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು.

“ಓಣ್ಯಾಗೇ ನಿಂತೀರೇನು ಅಕ್ಕಾ?”

“ಹೂಂ. ಎಲ್ಲಾರೂ ಅದೀವಿ.”

“ಹಂಗಾದ್ರ ನೀವೇ ಅನ್ರಿ.”

ಕೇಶರಬಾಯಿಯ ಉಸಿರು ಕೇಳುತ್ತಿತ್ತು. ಸೋನುಬಾಯಿ ಕಾದಳು. ಬಿಸಿಲು ನೆತ್ತಿಗೆ ಬಂದಿತ್ತು, ಆದರೂ ಕಾದಳು.

“ಅನ್ರಿ ಅಕ್ಕಾ.”

ಆ ಕಡೆಯಿಂದ ಫೋನು ಇಟ್ಟುಬಿಟ್ಟರು.